ನಂದಿ ಬೆಟ್ಟ ಆಮೇಲೆ, ಮೊದಲು ಬೂದಿಗೆರೆ ರಸ್ತೆ

ಶನಿವಾರ ರಾತ್ರಿ ಆದ್ರೆ ಸಾಕು, ಸೈಕಲ್ ಗ್ರೂಪಿನಲ್ಲಿ "ನಾಳೆ ನಂದಿ, ಯಾರ್ಯಾರು?" ಅಂತ ಮೆಸೇಜ್ ಬಂದೇ ಬರುತ್ತೆ. ಕೈ ಎತ್ತೋರಲ್ಲಿ ನಾವೂ ಇದ್ದೀವಿ. ಸೋಮವಾರ ಕ್ಯಾಂಟೀನಿನಲ್ಲಿ ಮಾತೆಲ್ಲ ಬೆಟ್ಟದ್ದೇ: ಎಷ್ಟು ನಿಮಿಷಕ್ಕೆ ಹತ್ತಿದೆ, ಯಾವ ಗೇರಿನಲ್ಲಿ ಹತ್ತಿದೆ, ಮೇಲೆ ಮೋಡ ಇತ್ತಾ ಇಲ್ವಾ. ಬೆಟ್ಟದ ತನಕ ಹೊತ್ತುಕೊಂಡು ಹೋದ ರಸ್ತೆಯ ಬಗ್ಗೆ ಯಾರೂ ಬಾಯಿ ಬಿಡಲ್ಲ. ನಮ್ಮ ವಾದ ಇಷ್ಟೇ: ನಂದಿಗೆ ಸೈಕಲ್ ತುಳಿಯೋ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮೊದಲು ಮಾತಾಡಬೇಕಾದ್ದು ರಸ್ತೆಯ ಬಗ್ಗೆ. ಯಾಕಂದ್ರೆ ಆ ರಸ್ತೆಯಲ್ಲಿ ವಾರಪೂರ್ತಿ ಸೈಕಲ್ ತುಳಿಯೋರು ಬೇರೆಯವರಿದ್ದಾರೆ.

ಸೈಕಲ್ ವಿಷಯದಲ್ಲಿ ಕೃಷ್ಣರಾಜಪುರದವರು ಅದೃಷ್ಟವಂತರು. ಜಯನಗರದವರು ಊರು ದಾಟೋಷ್ಟರಲ್ಲಿ ಬೆಳಗಾಗುತ್ತೆ. ನಾವು ಹಳೇ ಮದರಾಸು ರಸ್ತೆ ಹಿಡಿದು ಬೂದಿಗೆರೆ ಕ್ರಾಸಿನಲ್ಲಿ ಎಡಕ್ಕೆ ತಿರುಗಿದರೆ ಮಂಡೂರು, ಅದು ದಾಟಿದರೆ ಬೂದಿಗೆರೆ, ಆಮೇಲೆ ದೇವನಹಳ್ಳಿ, ಅಲ್ಲಿಂದ ನಂದಿಯ ತಪ್ಪಲು. ಹೋಗೋದಕ್ಕೇ ಸುಮಾರು 50 ಕಿ.ಮೀ. ದಾರಿಯುದ್ದಕ್ಕೂ ರಾಗಿ ಹೊಲ, ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ನೀಲಗಿರಿ ತೋಪು. ದೇವನಹಳ್ಳಿಯ ಚಕ್ಕೋತ ಹಣ್ಣಿಗೆ ಭೌಗೋಳಿಕ ಸೂಚ್ಯಂಕದ ಗುರುತು ಸಿಕ್ಕಿರೋದು ಬಹಳ ಜನಕ್ಕೆ ಗೊತ್ತಿಲ್ಲ, ಸೀಸನ್ನಿನಲ್ಲಿ ಹೋದರೆ ರಸ್ತೆ ಬದಿಯಲ್ಲೇ ಕೊಳ್ಳಬಹುದು.

ಈಗ ಒಂದು ಸಣ್ಣ ಲೆಕ್ಕ. ಸವಾರ 70 ಕೆ.ಜಿ., ಸೈಕಲ್ 10 ಕೆ.ಜಿ. ಅಂತಿಟ್ಟುಕೊಳ್ಳಿ. ತಪ್ಪಲಿನಿಂದ 400 ಮೀಟರ್ ಮೇಲೆ ಏರೋದಕ್ಕೆ ಗುರುತ್ವದ ವಿರುದ್ಧ ಮಾಡೋ ಕೆಲಸ ಸುಮಾರು 3.1 ಲಕ್ಷ ಜೌಲ್. ಒಂದು ಗಂಟೆಯಲ್ಲಿ ಹತ್ತಿದರೆ ಸರಾಸರಿ 87 ವಾಟ್. ಹಾಸ್ಟೆಲಿನ ಹಳೇ ಸೀಲಿಂಗ್ ಫ್ಯಾನ್ ಎಳೆಯೋ ಕರೆಂಟಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡು ತಿಂಗಳು ತುಳಿದು ರೂಢಿ ಆದವರು ಯಾರು ಬೇಕಾದ್ರೂ ಹತ್ತಬಹುದು. ಹತ್ತಿ ಸುಸ್ತಾದರೆ ಇಳಿದು ತಳ್ಳಬಹುದು. ಬೆಟ್ಟದಲ್ಲಿ ಅಂಥ ಭಯ ಏನಿಲ್ಲ.

ಭಯ ಇರೋದು ಸಮತಟ್ಟು ರಸ್ತೆಯಲ್ಲಿ. ಟಿನ್ ಫ್ಯಾಕ್ಟರಿಯಿಂದ ಕೇಬಲ್ ಸೇತುವೆ ಇಳಿದು ಬೂದಿಗೆರೆ ಕ್ರಾಸ್ ತಲುಪೋ ತನಕ ಸೈಕಲ್ಲಿಗೆ ಅಂತ ಒಂದು ಅಡಿ ಜಾಗ ಇಲ್ಲ. ಬಸ್ಸು ಎಡಕ್ಕೆ ನುಗ್ಗುತ್ತೆ, ಟಿಪ್ಪರ್ ಹಿಂದಿನಿಂದ ಹಾರ್ನ್ ಹೊಡೆಯುತ್ತೆ, ಸರ್ವೀಸ್ ರಸ್ತೆಯಲ್ಲಿ ಎದುರಿನಿಂದಲೇ ಬೈಕು ಬರುತ್ತೆ. ಒಳಗಿನ ರಸ್ತೆಗಳು ಅಗಲ ಆದಷ್ಟೂ ವೇಗ ಏರುತ್ತೆ. ವೇಗ ಗಂಟೆಗೆ 30 ಇದ್ದದ್ದು 60 ಆದರೆ ಗುದ್ದುವ ಗಾಡಿಯ ಚಲನಶಕ್ತಿ ನಾಲ್ಕು ಪಟ್ಟು ಆಗುತ್ತೆ ಅಂತ ಪಿಯುಸಿಯಲ್ಲೇ ಓದಿದ್ದೀವಿ. ಗಾಡಿಗಳ ವೇಗ ಏರಿಸಿ ಸೈಕಲ್ಲಿನವರಿಗೆ ಜಾಗ ಕೊಡದೆ ಬಿಟ್ಟರೆ ಆ ನಾಲ್ಕು ಪಟ್ಟು ಯಾರ ಮೈಮೇಲೆ ಬೀಳುತ್ತೆ?

ನಮ್ಮ ಏರಿಯಾದಲ್ಲೇ ಒಂದು ಪ್ರಯತ್ನ ನಡೆದಿತ್ತು. 2020ರಲ್ಲಿ ಸಿಲ್ಕ್ ಬೋರ್ಡಿನಿಂದ ಕೆ.ಆರ್. ಪುರದ ಲೌರಿ ಜಂಕ್ಷನ್ ತನಕ ಹೊರವರ್ತುಲ ರಸ್ತೆಯಲ್ಲಿ 17 ಕಿ.ಮೀ. ಸೈಕಲ್ ಪಥಕ್ಕೆ ಯೋಜನೆ ಹಾಕಿ, ಪ್ಲಾಸ್ಟಿಕ್ ಕಂಬ ನೆಡೋಕೆ ಶುರು ಮಾಡಿದ್ದರು. ಪಥದೊಳಗೆ ಬೈಕುಗಳು ನುಗ್ಗಿದವು, ಕಂಬಗಳು ಮುರಿದವು, ಆಮೇಲೆ ಮೆಟ್ರೋ ಕಾಮಗಾರಿ ಬಂತು. ಇವತ್ತು ಅಲ್ಲಿ ಸೈಕಲ್ ಪಥ ಇತ್ತು ಅಂದ್ರೆ ಫಸ್ಟ್ ಇಯರ್‌ನವರು ನಗ್ತಾರೆ. ನಮಗೆ ಕಾಣೋ ಪಾಠ ಇದು: ಎರಡು ಕಂಬದ ನಡುವೆ ಬಣ್ಣ ಬಳಿದು ಕೊಟ್ಟ ಜಾಗವನ್ನ ಯಾವತ್ತು ಬೇಕಾದ್ರೂ ಕಿತ್ತುಕೊಳ್ಳಬಹುದು. ರಸ್ತೆಯ ನಕ್ಷೆಯಲ್ಲೇ ಇರೋ ಜಾಗ ಮಾತ್ರ ಉಳಿಯುತ್ತೆ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನಮ್ಮ ಕ್ಲಾಸಿನಲ್ಲೇ ಬಂದಿದೆ. "ಗುರು, ಲಕ್ಷ ರೂಪಾಯಿ ಸೈಕಲ್ ಇಟ್ಟುಕೊಂಡವರ ಭಾನುವಾರದ ಶೋಕಿಗೆ ಸರ್ಕಾರ ಯಾಕಪ್ಪಾ ಜಾಗ ಬಿಡಬೇಕು?" ನ್ಯಾಯವಾದ ಪ್ರಶ್ನೆ. ಬರೀ ನಮಗೋಸ್ಕರ ಆದ್ರೆ ಬೇಡ. ಆದರೆ ಬೆಳಗ್ಗೆ ಎಂಟೂವರೆಗೆ ಬೂದಿಗೆರೆ ಕಡೆ ಹೋಗಿ ನಿಂತು ನೋಡಿ. ಯೂನಿಫಾರ್ಮ್ ಹಾಕಿದ ಮಕ್ಕಳು ಕ್ಯಾರಿಯರಿಗೆ ಬ್ಯಾಗು ಸಿಕ್ಕಿಸಿಕೊಂಡು ಶಾಲೆಗೆ ತುಳೀತಿರ್ತಾರೆ. ಹಾಲಿನ ಕ್ಯಾನು ನೇತುಹಾಕಿಕೊಂಡು ಡೈರಿಗೆ ಹೋಗೋ ಹಿರಿಯರು ಸಿಗ್ತಾರೆ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ್ದು ಇಂಥ ಮಕ್ಕಳಿಗೇ, ಹೈಸ್ಕೂಲು ದೂರ ಅಂತ ಓದು ಬಿಡಬಾರದು ಅಂತ. ಕೊರೊನಾ ಕಾಲದಲ್ಲಿ ಅದೂ ನಿಂತುಹೋಯಿತು. ಸರ್ಕಾರ ಸೈಕಲ್ ಕೊಟ್ಟಿತು, ಅದನ್ನ ತುಳಿಯೋಕೆ ರಸ್ತೆಯಲ್ಲಿ ಒಂದೂವರೆ ಮೀಟರ್ ಅಂಚು ಕೊಡಲಿಲ್ಲ. ನಮ್ಮ ಕಾರ್ಬನ್ ಫ್ರೇಮಿಗೂ ಆ ಹುಡುಗಿಯ ಸರ್ಕಾರಿ ಸೈಕಲ್ಲಿಗೂ ಬೇಕಾಗಿರೋ ಜಾಗ ಒಂದೇ. ವ್ಯತ್ಯಾಸ ಅಂದ್ರೆ ನಾವು ಭಾನುವಾರ ಬೇಕಾದ್ರೆ ಮಲಗಬಹುದು, ಅವಳು ಸೋಮವಾರ ಹೋಗಲೇಬೇಕು.

ಇನ್ನು ಕೆಲವರು ಹೇಳೋದು, ಹೈವೇ ಇರೋದೇ ವೇಗಕ್ಕೆ ಅಂತ. ಒಪ್ಪಿದ್ವಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಎಂಜಿನ್ ಇಲ್ಲದ ಗಾಡಿಗಳಿಗೂ ನಿಷೇಧ ಇದೆ. ನೂರರ ವೇಗದ ರಸ್ತೆಯಲ್ಲಿ ಸೈಕಲ್ ಬೇಡ ಅನ್ನೋದು ಸರಿಯೇ. ಹಾಗಾದ್ರೆ ಹಳೇ ರಸ್ತೆ, ಸರ್ವೀಸ್ ರಸ್ತೆಗಳನ್ನ ನಿಧಾನದವರಿಗೆ ಸರಿಯಾಗಿ ಕೊಡಬೇಕಲ್ವಾ? ಈಗ ಹೊಸಕೋಟೆಯಿಂದ ಚೆನ್ನೈ ಎಕ್ಸ್‌ಪ್ರೆಸ್‌ವೇ ಹೊರಡುತ್ತೆ. ವೇಗದವರಿಗೆ ಅವರ ದಾರಿ ಸಿಕ್ತು ಅಂದಮೇಲೆ ಹಳ್ಳಿ ರಸ್ತೆಗಳನ್ನೂ ಅವರಿಗೇ ಬರೆದುಕೊಡೋದು ಯಾವ ಲೆಕ್ಕ?

ನಮ್ಮ ಕಡೆಯಿಂದಲೂ ಒಂದು ಮರ್ಯಾದೆ ಬೇಕು. ಸುಗ್ಗಿಯಲ್ಲಿ ರಾಗಿ, ಹುರುಳಿಯನ್ನ ರಸ್ತೆ ಮೇಲೆ ಹರಡಿ ಒಕ್ಕಣೆ ಮಾಡ್ತಾರೆ. ನಮ್ಮವರಲ್ಲಿ ಕೆಲವರಿಗೆ ಅದರಿಂದ ಸರಾಸರಿ ಸ್ಪೀಡ್ ಹಾಳಾಯಿತು ಅಂತ ಸಿಟ್ಟು. ಕಣ ಮಾಡೋಕೆ ಜಾಗ ಉಳಿಯದ ಊರಿನ ಕಥೆ ಕೇಳಿದರೆ ಆ ಸಿಟ್ಟು ಇಳಿಯುತ್ತೆ. ಮಂಡೂರಿನ ಜನ ವರ್ಷಗಟ್ಟಲೆ ನಮ್ಮ ಬೆಂಗಳೂರಿನ ಕಸ ಹೊತ್ತು, 2014ರಲ್ಲಿ ಹೋರಾಡಿ ಅದನ್ನ ನಿಲ್ಲಿಸಿದರು. ಪಕ್ಕದ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ ಮೂರು ವರ್ಷಕ್ಕೂ ಹೆಚ್ಚು ಕಾಲ ಕೂತರು, 2025ರ ಜುಲೈನಲ್ಲಿ ಮುಖ್ಯಮಂತ್ರಿಗಳು ಅದನ್ನ ಕೈಬಿಡೋದಾಗಿ ಹೇಳಿದರು. ನಾವು ಫೋಟೋ ತೆಗೆಯೋ ಹಸಿರು ಹಾಗೆ ಉಳಿದುಕೊಂಡಿರೋದು. ಅಂಥ ಊರೊಳಗೆ ಹೋಗುವಾಗ ಕೂಗಾಡದೆ, ಎನರ್ಜಿ ಬಾರ್ ಕವರ್ ಬಿಸಾಡದೆ, ಗೂಡಂಗಡಿಯಲ್ಲಿ ಕೂತು ಟೀ ಕುಡಿದು ನಾಲ್ಕು ಮಾತಾಡಿ ಬರೋಣ. ಆ ಸೀಮೆಯಲ್ಲಿ ಮನೆಯೊಳಗೆ ತೆಲುಗು, ಅಂಗಡಿ ಮುಂದೆ ಕನ್ನಡ ಆಡೋ ಜನ ಬೇಕಾದಷ್ಟು. ಕನ್ನಡ ಕಲೀತಿರೋ ನಮ್ಮ ಉತ್ತರದ ಗೆಳೆಯರಿಗೆ ಆ ಪಂಚರ್ ಅಂಗಡಿಗಿಂತ ಒಳ್ಳೇ ಕ್ಲಾಸ್ ಇಲ್ಲ.

ಹಾಗಾದ್ರೆ ಏನು ಮಾಡೋದು? ಎರಡು ಸಲಹೆ.

ಒಂದು, ಎಣಿಸೋಣ. ಸಿವಿಲ್‌ನವರಿಗೆ ಟ್ರಾಫಿಕ್ ಸರ್ವೆ ಹೇಗಿದ್ರೂ ಸಿಲಬಸ್‌ನಲ್ಲಿದೆ. ಈ ಸಲ ಅದನ್ನ ಕಾಲೇಜು ಗೇಟಿನಲ್ಲಿ ಮಾಡೋದು ಬಿಟ್ಟು ಬೂದಿಗೆರೆ ರಸ್ತೆಯ ಮೂರು ಕಡೆ, ಒಂದು ವಾರ, ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಮಾಡೋಣ. ಎಷ್ಟು ಸೈಕಲ್, ಅದರಲ್ಲಿ ಶಾಲೆ ಮಕ್ಕಳೆಷ್ಟು, ಗಾಡಿಗಳ ವೇಗ ಎಷ್ಟು, ಡಾಂಬರಿನ ಅಂಚು ಎಲ್ಲಿ ಕುಸಿದಿದೆ. ಸೈಕಲ್ ಪಥದ ವಿನ್ಯಾಸಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಐಆರ್‌ಸಿ:11 ಅನ್ನೋ ಕೈಪಿಡಿಯೇ ಇದೆ, 2015ರಲ್ಲಿ ಪರಿಷ್ಕರಿಸಿದ್ದು. ಅದನ್ನ ನಮ್ಮ ಅಂಕಿಗಳ ಪಕ್ಕ ಇಟ್ಟು ಕನ್ನಡದಲ್ಲೇ ಒಂದು ವರದಿ ಬರೆದು ಪಂಚಾಯಿತಿಗಳಿಗೂ ಲೋಕೋಪಯೋಗಿ ಇಲಾಖೆಗೂ ಕೊಡೋಣ. ಪಂಚಾಯಿತಿಯವರು ಓದಿ ಸಭೆಯಲ್ಲಿ ಕೇಳೋ ಹಾಗಿರಬೇಕು ಅಂದ್ರೆ ಅದು ಕನ್ನಡದಲ್ಲೇ ಇರಬೇಕು.

ಎರಡು, ಸೆಪ್ಟೆಂಬರ್ 15. ಪ್ರತಿ ವರ್ಷ ಆಡಿಟೋರಿಯಂನಲ್ಲಿ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕಿ, ಭಾಷಣ ಕೇಳಿ, ಸಮೋಸ ತಿಂದು ಏಳ್ತೀವಿ. ಅವರು ಹುಟ್ಟಿದ ಮುದ್ದೇನಹಳ್ಳಿ ಇರೋದು ಇದೇ ನಂದಿಯ ತಪ್ಪಲಲ್ಲಿ, ಅವರ ಸಮಾಧಿಯೂ ಅಲ್ಲೇ. ಈ ಸಲ ಸೈಕಲ್ಲಿನಲ್ಲಿ ಅಲ್ಲಿಗೇ ಹೋಗೋಣ, ಆಗಲೇ ಆ ಸರ್ವೆ ವರದಿಯನ್ನೂ ಬಿಡುಗಡೆ ಮಾಡೋಣ. ಸೈಕಲ್ ಇಲ್ಲದವರು ಬಸ್ಸಿನಲ್ಲಿ ಬರಲಿ, ಎಣಿಕೆಗೆ ಸೈಕಲ್ ಬೇಕಿಲ್ಲ, ಪೆನ್ನು ಸಾಕು.

ನಾಲ್ಕೈದು ವರ್ಷದಲ್ಲಿ ನಮ್ಮಲ್ಲೇ ಯಾರೋ ಇಂಥದೇ ರಸ್ತೆಯೊಂದರ ನಕ್ಷೆ ಮುಂದೆ ಕೂತಿರ್ತಾರೆ. ಅಂಚಿಗೆ ಒಂದೂವರೆ ಮೀಟರ್ ಬಿಡಬೇಕಾ ಬೇಡವಾ ಅಂತ ಮೌಸ್ ಹಿಡಿದು ಯೋಚಿಸ್ತಿರ್ತಾರೆ. ಆ ಹೊತ್ತಿಗೆ ಅವರಿಗೆ ಈ ರಸ್ತೆಯ ಲೆಕ್ಕ ಗೊತ್ತಿರಲಿ. ಸರ್ವೆಗೆ ಹೆಸರು ಕೊಡೋರು ಸಂಘದ ಕೊಠಡಿಗೆ ಬನ್ನಿ.