ವಲಸೆ ಬಂದ ಉಳಿ

ಕಾಫಿಯ ಸೀಮೆಯವರಾದ ನಮಗೆ ವಲಸೆಯೆಂಬುದು ಹೊಸ ಮಾತಲ್ಲ. ನಮ್ಮ ಮೂಡಿಗೆರೆ ತಾಲ್ಲೂಕಿನ ಹೊಟ್ಟೆ ಹೊರೆಯುವ ಕಾಫಿಯ ಗಿಡವೇ ಪರದೇಶದ್ದು. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಎಂಬ ಫಕೀರರು ಯೆಮನ್ ದೇಶದಿಂದ ಏಳು ಬೀಜಗಳನ್ನು ತಂದು ಗಿರಿಯ ಮೇಲೆ ಬಿತ್ತಿದರೆಂಬ ಐತಿಹ್ಯವನ್ನು ಇಲ್ಲಿನ ಮಕ್ಕಳೂ ಬಲ್ಲರು. ಆ ಗಿಡಕ್ಕೆ ನೆರಳನ್ನೂ ಮೆಣಸಿನ ಬಳ್ಳಿಗೆ ಆಸರೆಯನ್ನೂ ಕೊಡುವ ಸಿಲ್ವರ್ ಓಕ್ ಮರವು ಆಸ್ಟ್ರೇಲಿಯಾ ಖಂಡದಿಂದ ಬಂದುದು. ಹೀಗಿದ್ದರೂ ಸಂತೆಯ ದಿವಸ ತೋಟದ ಕೂಲಿಗೆ ಬಂದ ಬಡವನನ್ನು ಕಂಡು 'ಹೊರಗಿನವನು' ಎಂದು ಮೂಗು ಮುರಿಯುವವರು ನಮ್ಮಲ್ಲಿ ಇಲ್ಲದಿಲ್ಲ. ಅಂಥವರ ಮನೆಯ ಮದುವೆಯಲ್ಲಿಯೂ ವಧೂವರರ ಹಣೆಗೆ ಕಟ್ಟುವ ಬೆಂಡಿನ ಬಾಸಿಂಗವು, ಅಜ್ಜಿಯ ಕಾಲದಿಂದ ಒಡವೆಯನ್ನು ಕಾಯ್ದುಕೊಂಡು ಬಂದ ಗಂಧದ ಪೆಟ್ಟಿಗೆಯು, ಎಲ್ಲಿಂದಲೋ ಗಂಟು ಹೊತ್ತು ಬಂದವರ ಕೈಯ ಕೆಲಸವಾಗಿರಬಹುದೆಂಬುದನ್ನು ಅವರು ಯೋಚಿಸಿದವರಲ್ಲ.

ನಾವು ಹೇಳಹೊರಟಿರುವುದು ಗುಡಿಗಾರರ ಸಂಗತಿಯನ್ನು. ಸಾಗರ, ಸೊರಬ, ಶಿರಸಿ, ಸಿದ್ದಾಪುರ, ಕುಮಟೆ, ಹೊನ್ನಾವರಗಳ ಕಡೆ ನೆಲೆಸಿರುವ ಈ ಜನರ ಪೂರ್ವಿಕರು ಗೋವೆಯಿಂದ ಬಂದವರೆಂದು ಅವರ ಪರಂಪರೆಯು ಹೇಳುತ್ತದೆ. 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾಯಿತು. ಮುಂದಣ ದಶಕಗಳಲ್ಲಿ ಅಲ್ಲಿ ದೇವಾಲಯಗಳು ಕೆಡವಲ್ಪಟ್ಟುವು. 1560ರಲ್ಲಿ ಮತವಿಚಾರಣೆಯ ನ್ಯಾಯಸ್ಥಾನವೂ ಸ್ಥಾಪಿತವಾಯಿತು. ಗುಡಿಯ ಕೆಲಸವನ್ನೇ ನಂಬಿದವನಿಗೆ ಗುಡಿಯೇ ಇಲ್ಲದ ಮೇಲೆ ಆ ನೆಲದಲ್ಲಿ ಉಳಿಯುವ ಬಗೆ ಹೇಗೆ? ರೈತನು ವಲಸೆ ಹೊರಟರೆ ಹೊಲವನ್ನು ಬಿಟ್ಟು ಹೊರಡಬೇಕು. ವರ್ತಕನು ಅಂಗಡಿಯನ್ನು ಬಿಡಬೇಕು. ಶಿಲ್ಪಿಯಾದರೋ ತನ್ನ ಆಸ್ತಿಯ ಮುಖ್ಯ ಭಾಗವನ್ನು ಕೈಯಲ್ಲಿಯೇ ಒಯ್ಯುತ್ತಾನೆ. ಉಳಿ, ಬಾಚಿ, ಕೊಡತಿಗಳು ಒಂದು ಗಂಟಿನಲ್ಲಿ ಹಿಡಿಸುತ್ತವೆ, ಅಳತೆಯು ತಲೆಯಲ್ಲಿರುತ್ತದೆ. ಘಟ್ಟ ಹತ್ತಿ ಬಂದವರಿಗೆ ಕೆಳದಿ ಇಕ್ಕೇರಿಗಳ ಸೀಮೆಯಲ್ಲಿ ದೊರೆತುದು ಶ್ರೀಗಂಧದ ಮರ. ಬಿಟ್ಟುಬಂದ ಊರು ಕೊಡದಿದ್ದುದನ್ನು ಬಂದ ಊರು ಕೊಟ್ಟಿತೆನ್ನಬೇಕು. ಮುಂಬಯಿ ಆಧಿಪತ್ಯದ ಗೆಜೆಟಿಯರಿನ ಕೆನರಾ ಸಂಪುಟವು 1883ರಲ್ಲಿ ಪ್ರಕಟವಾಗುವ ವೇಳೆಗೆ ಅದರಲ್ಲಿ ಗುಡಿಗಾರರನ್ನು ಹೆಸರಿಸಿ ವರ್ಣಿಸದೆ ಬಿಡುವಂತಿರಲಿಲ್ಲ.

ಶಿಲ್ಪವೆಂದರೆ ಕಲ್ಲಿನದೇ, ಮರದ್ದೇನಿದ್ದರೂ ಬಡಗಿಯ ಕೆಲಸವೆಂದು ಓದುಬರಹ ಬಲ್ಲವರೂ ಹೇಳುವುದುಂಟು. ಇದು ಅಜ್ಞಾನ. ಭಾಗವತದ ಏಕಾದಶ ಸ್ಕಂಧವು ಎಂಟು ವಿಧದ ಪ್ರತಿಮೆಗಳನ್ನು ಎಣಿಸುವಾಗ ಶಿಲೆಯ ತರುವಾಯವೇ ದಾರುವನ್ನು ಹೇಳಿದೆ. ಪುರಿಯ ಜಗನ್ನಾಥನು ಬೇವಿನ ದಾರುವಿನವನು. ನಮ್ಮ ಶಿರಸಿಯ ಮಾರಿಕಾಂಬೆಯ ಆಳೆತ್ತರವನ್ನು ಮೀರಿದ ಮೂರ್ತಿಯು ಮರದ್ದೇ.

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಪ್ರತಿಮೆಗಾಗಿ ಮರವನ್ನು ತರಲು ಕಾಡಿಗೆ ಹೋಗುವ ವಿಧಿಯನ್ನು ಹೇಳುವ ಒಂದು ಅಧ್ಯಾಯವೇ ಇದೆ. ಸ್ಮಶಾನದಲ್ಲಿ, ದಾರಿಯಲ್ಲಿ, ದೇವಾಲಯದಲ್ಲಿ, ಹುತ್ತದ ಮೇಲೆ ಬೆಳೆದ ಮರವು ವರ್ಜ್ಯ. ಒಳ್ಳೆಯ ಮರಗಳಲ್ಲಿ ದೇವದಾರು, ಚಂದನ, ಶಮೀ, ಮಧೂಕಗಳನ್ನು ಮೊದಲು ಹೇಳಿದೆ. ಮರವನ್ನು ಆರಿಸಿದ ಮೇಲೆ ರಾತ್ರಿಯಲ್ಲಿ ಅದಕ್ಕೆ ಪೂಜೆ ಬಲಿಗಳನ್ನು ಅರ್ಪಿಸಿ, ಅದರಲ್ಲಿ ವಾಸವಾಗಿರುವ ಭೂತಗಳನ್ನು ಕುರಿತು, ಈ ಬಲಿಯನ್ನು ಸ್ವೀಕರಿಸಿ ಬೇರೆಡೆ ವಾಸವನ್ನು ಕಲ್ಪಿಸಿಕೊಳ್ಳಿರಿ, ನಮ್ಮನ್ನು ಕ್ಷಮಿಸಿರಿ ಎಂದು ಪ್ರಾರ್ಥಿಸಬೇಕು. ಬೆಳಗ್ಗೆ ಜೇನು ತುಪ್ಪಗಳನ್ನು ಸವರಿದ ಕೊಡಲಿಯಿಂದ ಕಡಿಯಬೇಕು. ಹಲವು ವರ್ಷ ಇದನ್ನು ಮಕ್ಕಳಿಗೆ ಹೇಳುತ್ತಿದ್ದಾಗಲೆಲ್ಲ ನಮ್ಮ ಮನಸ್ಸು ಆ ಭೂತಗಳ ಮೇಲೆಯೇ ನಿಲ್ಲುತ್ತಿತ್ತು. ಒಂದು ಮೂರ್ತಿಯು ಹುಟ್ಟಬೇಕಾದರೆ ಯಾರೋ ಒಬ್ಬರು ಮನೆ ಬಿಡಬೇಕು. ಬಿಡಿಸುವವನು ಕೈಮುಗಿದು ಕೇಳಬೇಕೆಂಬುದು ಶಾಸ್ತ್ರ. ಗೋವೆಯಲ್ಲಿ ಹಾಗೆ ಕೇಳಿದವರಿಲ್ಲ.

ಗುಡಿಗಾರನ ಸೃಷ್ಟಿಯ ದೃಷ್ಟಿ ಎಂಥದು? ಅದನ್ನು ಅವನ ಕೆಲಸದ ಕ್ರಮದಿಂದಲೇ ತಿಳಿಯಬೇಕು. ಗಂಧದ ಮರದ ಹೊರಭಾಗವು ಬೆಳ್ಳಗೆ, ವಾಸನೆಯಿಲ್ಲದ್ದು. ಒಳಗಿನ ಚೇಗು ಮಾತ್ರ ಸುಗಂಧವುಳ್ಳದ್ದು. ಆ ಚೇಗಾದರೂ ಕಲ್ಲಿನ ಬಂಡೆಯಂತೆ ಬೇಕಾದಷ್ಟು ದಪ್ಪಕ್ಕೆ ದೊರೆಯುವುದಿಲ್ಲ. ಆದುದರಿಂದ ಮೂರ್ತಿಯನ್ನು ಮನಸ್ಸಿನಲ್ಲಿ ನಿಶ್ಚಯಿಸಿ ಮರವನ್ನು ಅದಕ್ಕೆ ಬಗ್ಗಿಸುವ ಸ್ವಾತಂತ್ರ್ಯವು ಇವನಿಗಿಲ್ಲ. ತುಂಡನ್ನು ತಿರುಗಿಸಿ ನೋಡಿ, ಇದರಲ್ಲಿ ಎಷ್ಟೆತ್ತರದ ಕೃಷ್ಣನು ನಿಲ್ಲಬಲ್ಲನು ಎಂದು ಮರವನ್ನೇ ಕೇಳಬೇಕು. ತಾಳಮಾನದ ಅಳತೆಯು ಮಾತ್ರ ತಪ್ಪಕೂಡದು. ಎತ್ತರ ಕುಗ್ಗಿದರೆ ಮುಖವೂ ಅದೇ ಪ್ರಮಾಣದಲ್ಲಿ ಕುಗ್ಗಬೇಕು. ಗಂಧದ ಎಳೆಯು ಬಹು ಒತ್ತಾದುದರಿಂದ ಬಳ್ಳಿಯ ಸುರುಳಿ, ಹಕ್ಕಿಯ ರೆಕ್ಕೆ, ಕಿರೀಟದ ಮಣಿಗಳು ಕೂದಲೆಳೆಯಷ್ಟು ಸಣ್ಣದಾಗಿ ಕೆತ್ತಿದರೂ ಮುರಿಯದೆ ನಿಲ್ಲುತ್ತವೆ. ಕೆತ್ತುವಾಗ ಉದುರಿದ ಪುಡಿಯೂ ವ್ಯರ್ಥವಲ್ಲ. ಅದು ಧೂಪಕ್ಕೆ, ಎಣ್ಣೆಗೆ ಸಲ್ಲುತ್ತದೆ.

ಹೆಸರಿನ ವಿಚಾರವೊಂದುಂಟು. ನಮ್ಮ ತಾಲ್ಲೂಕಿನ ಅಂಗಡಿ ಗ್ರಾಮವು ಹಿಂದಿನ ಸೊಸೆವೂರು, ಹೊಯ್ಸಳರ ಮೂಲಸ್ಥಾನ. ಆ ವಂಶದ ವಿಷ್ಣುವರ್ಧನನು 1117ರಲ್ಲಿ ಬೇಲೂರಿನ ಗುಡಿಯನ್ನು ಪ್ರತಿಷ್ಠಿಸಿದಾಗ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅಲ್ಲಿ ಕೆಲಸಮಾಡಿ ಮದನಿಕೆಯರ ಅಡಿಯಲ್ಲಿ ತಮ್ಮ ಹೆಸರನ್ನು ಕೆತ್ತಿದರು. ಅವರೂ ಊರು ಬಿಟ್ಟು ಬಂದವರೇ. ಗಂಧದ ಪೆಟ್ಟಿಗೆಯ ಅಡಿಯನ್ನು ತಿರುಗಿಸಿ ನೋಡಿದರೆ ಸಾಮಾನ್ಯವಾಗಿ ಯಾವ ಹೆಸರೂ ಕಾಣಿಸದು. ಇದನ್ನು ವಿನಯವೆಂದು ಹೊಗಳುವುದು ಸುಲಭ. ಆದರೆ ಹೆಸರಿಲ್ಲದ ಕೆಲಸಕ್ಕೆ ಬೆಲೆ ಕಟ್ಟುವವನು ಮಧ್ಯದ ವ್ಯಾಪಾರಿಯೇ ಆಗುತ್ತಾನೆಂಬುದು ನಮ್ಮ ಅಭಿಪ್ರಾಯ. ದಾಸೋಜನು ಮಾಡಿದುದೇ ಜಾಣತನ.

ಇನ್ನು ಮರದ ಕಷ್ಟ. 1792ರಲ್ಲಿ ಟಿಪ್ಪು ಸುಲ್ತಾನನು ಗಂಧವನ್ನು ರಾಜವೃಕ್ಷವೆಂದು ಸಾರಿದನು. ಮುಂದೆ ಮೈಸೂರು ಸಂಸ್ಥಾನವೂ ತರುವಾಯದ ಸರ್ಕಾರವೂ ಆ ಹಕ್ಕನ್ನು ಬಿಡಲಿಲ್ಲ. ತನ್ನ ಹಿತ್ತಿಲಿನಲ್ಲಿ ಹುಟ್ಟಿದ ಮರವು ತನ್ನದಲ್ಲವೆಂದ ಮೇಲೆ ಸಸಿಯನ್ನು ಕಾಪಾಡುವವರಾರು? ಕಂಡೊಡನೆ ಕಿತ್ತೆಸೆದವರೇ ಹೆಚ್ಚು. ಇದಕ್ಕೆ 'ಸ್ಪೈಕ್' ಎಂಬ ರೋಗವೂ ಕಳ್ಳರ ಕೊಡಲಿಯೂ ಕೂಡಿದುವು. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನು ತಿದ್ದಲ್ಪಟ್ಟು, ಜಮೀನಿನ ಒಡೆಯನೇ ಮರದ ಒಡೆಯನಾದನು. ಕೆತ್ತನೆಗೆ ಒದಗುವಷ್ಟು ಚೇಗು ಕಟ್ಟಲು ಮೂವತ್ತು ವರ್ಷವಾದರೂ ಬೇಕು. ಆ ವರ್ಷ ನೆಟ್ಟ ಸಸಿಗೆ ಮೂವತ್ತು ತುಂಬುವುದು 2031ರಲ್ಲಿ. ಅಲ್ಲಿಯವರೆಗೆ ಶಿಲ್ಪಿಯು ಸರ್ಕಾರದ ಮೂಲಕ ಹಂಚಿಕೆಯಾಗುವ ತುಂಡಿಗೆ ಕಾಯಬೇಕು, ಇಲ್ಲವೇ ಶಿವನಿಯಂಥ ಮರದಲ್ಲಿ ಕೆತ್ತಬೇಕು. ಅದೇ ಅಳತೆ, ಅದೇ ಶ್ರಮ. ವಾಸನೆಯಿಲ್ಲವೆಂಬ ಒಂದೇ ಕಾರಣಕ್ಕೆ ಬೆಲೆ ಇಳಿಯುತ್ತದೆ. ಹೀಗಿರಲು ಮಗನನ್ನು ಉಳಿಯ ಮುಂದೆ ಕೂರಿಸದೆ ಬೆಂಗಳೂರಿನ ಬಸ್ಸು ಹತ್ತಿಸುವ ತಂದೆಯನ್ನು ದೂರುವಂತಿಲ್ಲ. ಇದು ಆ ವಂಶದ ಎರಡನೆಯ ವಲಸೆ. ಈ ಸಲ ಗಂಟಿನಲ್ಲಿ ಉಳಿ ಇರುವುದಿಲ್ಲ.

ಮನೆಯಲ್ಲಿ ಹಳೆಯ ಗಂಧದ ಪೆಟ್ಟಿಗೆಯನ್ನಿಟ್ಟುಕೊಂಡಿರುವ ಗೃಹಿಣಿಯರಿಗೆ ಒಂದು ಮಾತು. ಹೊಳಪು ಬರಲೆಂದು ಅದಕ್ಕೆ ವಾರ್ನಿಷ್ ಬಳಿಸಬೇಡಿ. ಪರಿಮಳವು ಒಳಗೇ ಸಿಕ್ಕಿಬೀಳುತ್ತದೆ. ನೀರು ಸೋಕಿಸದೆ ಮೆತ್ತನೆಯ ಕುಂಚದಿಂದ ಕೆತ್ತನೆಯ ಸಂದಿನ ಧೂಳನ್ನು ತೆಗೆಯಿರಿ. ವಾಸನೆ ಹೋಯಿತೆಂದು ಅಟ್ಟಕ್ಕೆ ಎಸೆಯುವ ಮೊದಲು, ಚಿತ್ರವಿಲ್ಲದ ಒಳಮೈಯನ್ನು ಸಣ್ಣ ಉಪ್ಪುಕಾಗದದಿಂದ ನಾಲ್ಕು ಬಾರಿ ಹಗುರವಾಗಿ ಉಜ್ಜಿ, ಮುಚ್ಚಳವನ್ನು ಮುಚ್ಚಿ, ಮರುದಿನ ತೆರೆದು ನೋಡಿರಿ.