ಜನಗಣತಿ ತಪ್ಪಿಸಿದವರು ಮೈಸೂರಿನ ಲೆಕ್ಕ ನೋಡಲಿ

ಜನಗಣತಿ ಆರು ವರ್ಷ ತಡವಾದರೆ ಯಾವ ಆಕಾಶ ಕಳಚಿಬಿತ್ತು ಎಂದು ಕೇಳುವವರು ಇನ್ನೂ ಇದ್ದಾರೆ. ಟಿವಿ ಚರ್ಚೆಗಳಲ್ಲಿ ಕೂತು ಕೇಳುತ್ತಾರೆ, ಪತ್ರಿಕೆಗಳಲ್ಲಿ ಬರೆದು ಕೇಳುತ್ತಾರೆ. ಆಧಾರ್ ಇದೆ, ಮೊಬೈಲ್ ಇದೆ, ಬ್ಯಾಂಕ್ ಖಾತೆ ಇದೆ. ಮನೆಮನೆ ಬಾಗಿಲು ತಟ್ಟಿ ತಲೆ ಎಣಿಸುವುದು ಬ್ರಿಟಿಷರು ಬಿಟ್ಟುಹೋದ ಗೊಡ್ಡು ಪದ್ಧತಿ ಎನ್ನುತ್ತಾರೆ. ಈ ಮಾತು ಆಡುವವರಿಗೆ ನಾನು ಎರಡೇ ಎರಡು ಸಂಖ್ಯೆ ತೋರಿಸುತ್ತೇನೆ. ಅವನ್ನು ನೋಡಿದ ಮೇಲೂ ಇದೇ ಮಾತು ಆಡುವ ಎದೆಗಾರಿಕೆ ಇದ್ದರೆ ಆಡಲಿ.

1871ರ ನವೆಂಬರಿನಲ್ಲಿ ಮೈಸೂರು ಸಂಸ್ಥಾನದಲ್ಲಿ ಜನಗಣತಿ ನಡೆಯಿತು. ಸಿಕ್ಕ ಲೆಕ್ಕ ಸುಮಾರು 50 ಲಕ್ಷ 55 ಸಾವಿರ. 1881ರ ಫೆಬ್ರುವರಿ 17ರ ರಾತ್ರಿ ಮತ್ತೆ ಎಣಿಸಿದರು. ಸಿಕ್ಕವರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಹೆಚ್ಚಬೇಕಿದ್ದ ಜನ 8 ಲಕ್ಷ 69 ಸಾವಿರ ಕಡಿಮೆಯಾಗಿದ್ದರು. ಆರು ಜನರಿದ್ದ ಕಡೆ ಐವರು ಉಳಿದಿದ್ದರು.

ನಡುವೆ ಬಂದು ಹೋದದ್ದು ಧಾತು ಈಶ್ವರ ಬರ. ಧಾತು ಸಂವತ್ಸರದಲ್ಲಿ ಮಳೆ ಕೈಕೊಟ್ಟಿತು, ಈಶ್ವರ ಸಂವತ್ಸರದಲ್ಲಿ ಜನ ರಸ್ತೆಯ ಬದಿಯಲ್ಲಿ ಬಿದ್ದು ಸತ್ತರು. ಕೋಲಾರ, ತುಮಕೂರು, ಚಿತ್ರದುರ್ಗದ ಬಯಲುಸೀಮೆ ಬರಿದಾಯಿತು. ಅದೇ ಹೊತ್ತಿಗೆ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿ ಎಂದು ಸಾರಿದ. ಬರ ಪರಿಹಾರದ ಉಸ್ತುವಾರಿಗೆ ಅವನು ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯ ಕೂಲಿಗೆ ಬಂದವನಿಗೆ ದಿನಕ್ಕೆ ಒಂದು ಪೌಂಡ್ ಧಾನ್ಯ ಸಾಕೆಂದು ತೀರ್ಮಾನಿಸಿದ. ಆ ತೀರ್ಮಾನವನ್ನು ಎದುರಿಸಿ ನಿಂತವರಲ್ಲಿ ಮುಖ್ಯನಾದವನು ಮದರಾಸಿನ ಆರೋಗ್ಯಾಧಿಕಾರಿ ಡಬ್ಲ್ಯು. ಆರ್. ಕಾರ್ನಿಷ್. ಅಷ್ಟು ಕಾಳಿನಲ್ಲಿ ದುಡಿಯುವ ಮನುಷ್ಯ ಬದುಕಲಾರ ಎಂದು ಅವನು ಬರೆದ. ಈ ಕಾರ್ನಿಷ್ ಯಾರು? ಮದರಾಸು ಪ್ರಾಂತ್ಯದ 1871ರ ಜನಗಣತಿಯ ವರದಿಯನ್ನು ಬರೆದವನು. ಜನರನ್ನು ಎಣಿಸಿದ್ದವನೇ ಅವರ ಅನ್ನಕ್ಕಾಗಿ ವಾದಿಸಿದ.

ಬ್ರಿಟಿಷರನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಆ ಸರ್ಕಾರ ಎಣಿಸಿದ್ದು ತನ್ನ ಕಂದಾಯಕ್ಕೆ, ತನ್ನ ಆಡಳಿತಕ್ಕೆ, ತನ್ನ ಅಂಕೆಗೆ. 1867ರಿಂದ 1872ರವರೆಗೆ ಒಂದೊಂದು ಪ್ರಾಂತ್ಯದಲ್ಲಿ ಒಂದೊಂದು ಕಾಲಕ್ಕೆ ತಲೆ ಎಣಿಸಿ ಅದಕ್ಕೆ 1872ರ ಜನಗಣತಿ ಎಂದು ಹೆಸರಿಟ್ಟರು. ದೇಶದುದ್ದಕ್ಕೂ ಒಂದೇ ರಾತ್ರಿಯನ್ನು ಗೊತ್ತುಮಾಡಿಕೊಂಡು, ಒಂದೇ ಬಗೆಯ ನಮೂನೆಯಲ್ಲಿ ನಡೆದ ಮೊದಲ ಆಧುನಿಕ ಗಣತಿ 1881ರದು. ಡಬ್ಲ್ಯು. ಸಿ. ಪ್ಲೌಡನ್ ಅದರ ಕಮಿಷನರ್. ಹೊಸ ತೆರಿಗೆ ಬರುತ್ತದೆಂಬ ಪುಕಾರು ಹಬ್ಬಿತ್ತು. ಸಂತಾಲರ ಸೀಮೆಯಲ್ಲಿ ಜನ ಗಣತಿಯ ವಿರುದ್ಧವೇ ತಿರುಗಿಬಿದ್ದಿದ್ದರು. ಅವರ ಗುಮಾನಿಗೆ ಕಾರಣವಿತ್ತು. ಆದರೂ ಆ ರಾತ್ರಿಯ ಲೆಕ್ಕ ಮುಗಿದಾಗ ದೊರೆತನದ ಸ್ವಂತ ಪುಸ್ತಕವೇ ದೊರೆತನದ ವಿರುದ್ಧ ಸಾಕ್ಷಿ ಹೇಳಿತು. 8 ಲಕ್ಷ 69 ಸಾವಿರ ಜನ ಎಲ್ಲಿ? ಸತ್ತವರೆಷ್ಟು, ಊರು ಬಿಟ್ಟವರೆಷ್ಟು, ಹುಟ್ಟದೇ ಹೋದವರೆಷ್ಟು? ಗಣತಿ ನಡೆಯದೇ ಇದ್ದಿದ್ದರೆ ಈ ಪ್ರಶ್ನೆಯನ್ನು ಕೇಳಲು ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ. ಅಲ್ಲೊಬ್ಬ ಅಜ್ಜಿ ಹೇಳುವ ಕಥೆ, ಇಲ್ಲೊಂದು ಹಾಳೂರಿನ ಹೆಸರು, ಅಷ್ಟೇ ಉಳಿಯುತ್ತಿತ್ತು. ಕಥೆಯನ್ನು ಸರ್ಕಾರ ಅಲ್ಲಗಳೆಯಬಹುದು. ತಾನೇ ಎಣಿಸಿ ಅಚ್ಚುಹಾಕಿಸಿದ ಅಂಕಿಯನ್ನು ಅಲ್ಲಗಳೆಯುವುದು ಹೇಗೆ?

ಆ ಗಣತಿಯಾದ ಐದೇ ವಾರಕ್ಕೆ, 1881ರ ಮಾರ್ಚ್ 25ರಂದು, ಐವತ್ತು ವರ್ಷದ ಬ್ರಿಟಿಷ್ ಕಮಿಷನರರ ಆಳ್ವಿಕೆ ಮುಗಿದು ಸಂಸ್ಥಾನ ಹತ್ತನೆಯ ಚಾಮರಾಜೇಂದ್ರ ಒಡೆಯರ ಕೈಗೆ ಮರಳಿತು. ದಿವಾನ್ ರಂಗಾಚಾರ್ಲು ಅವರಿಗೆ ಸಿಕ್ಕಿದ್ದು ಬರದ ಸಾಲ ಹೊತ್ತ, ಜನ ಕಳೆದುಕೊಂಡ ರಾಜ್ಯ. ಅದೇ ವರ್ಷ ಅವರು ಪ್ರಜಾಪ್ರತಿನಿಧಿ ಸಭೆಯನ್ನು ಕಟ್ಟಿದರು. ಏನನ್ನು ಕಳೆದುಕೊಂಡಿದ್ದೇವೆಂದು ಗೊತ್ತಿದ್ದವರು ಆಡಳಿತ ಶುರುಮಾಡಿದ್ದು ಹಾಗೆ.

ಈಗ ನಮ್ಮ ಕಾಲಕ್ಕೆ ಬನ್ನಿ. 1881ರಿಂದ 2011ರವರೆಗೆ ಹತ್ತು ವರ್ಷಕ್ಕೊಮ್ಮೆಯಂತೆ 14 ಗಣತಿ. ಒಂದು ದಶಕವೂ ತಪ್ಪಲಿಲ್ಲ. 1918ರ ಇನ್‌ಫ್ಲುಯೆಂಜಾದಲ್ಲಿ ದೇಶ ಹೆಣದ ರಾಶಿಯಾಗಿತ್ತು; 1921ರಲ್ಲಿ ಎಣಿಸಿದರು. ಭಾರತದ ಜನಸಂಖ್ಯೆ ಇಳಿದ ಒಂದೇ ಒಂದು ದಶಕ ಅದೆಂದು ನಮಗೆ ಗೊತ್ತಾದದ್ದು ಹಾಗೆ ಎಣಿಸಿದ್ದರಿಂದ. 1941ರಲ್ಲಿ ಮಹಾಯುದ್ಧ, ಎಣಿಸಿದರು. ದೇಶ ಎರಡಾಗಿ ಒಡೆದು ನಿರಾಶ್ರಿತರು ಇನ್ನೂ ಶಿಬಿರಗಳಲ್ಲಿದ್ದಾಗ 1951 ಬಂತು; ಎಣಿಸಿದರು. 1971ರಲ್ಲಿ ಲೋಕಸಭಾ ಚುನಾವಣೆಗಾಗಿ ಕೆಲವು ವಾರ ಮುಂದೆ ಹೋಯಿತು, ಅಷ್ಟೇ. 2021ರಲ್ಲಿ ಮಾತ್ರ ಆಗಲಿಲ್ಲ.

ಕಾರಣ ಕೊರೊನಾವಂತೆ. ಕೊರೊನಾ ಕಾಲದಲ್ಲಿ ಬಿಹಾರದ ಚುನಾವಣೆ ನಡೆಯಿತು, ಬಂಗಾಳದ ಚುನಾವಣೆ ಎಂಟು ಹಂತದಲ್ಲಿ ನಡೆಯಿತು, ಹರಿದ್ವಾರದಲ್ಲಿ ಕುಂಭಮೇಳ ನಡೆಯಿತು. ಚೀನಾ ಆ 2020ರಲ್ಲೇ ಎಣಿಸಿ ಮುಗಿಸಿತು, ಅಮೆರಿಕವೂ ಮುಗಿಸಿತು. ವೋಟು ಹಾಕಿಸಲು ಬೂತಿಗೆ ಕಳಿಸಬಹುದಾದ ಮೇಷ್ಟರನ್ನು ಎಣಿಸಲು ಮನೆಗೆ ಕಳಿಸಬಾರದಿತ್ತೇ? ಆ ವರ್ಷ ಬೇಡ ಎಂದೇ ಇಟ್ಟುಕೊಳ್ಳಿ. 2022ರಲ್ಲಿ ಏನು ಅಡ್ಡಿಯಿತ್ತು? 2023ರಲ್ಲಿ? 2024ರಲ್ಲಿ? ಈ ಪ್ರಶ್ನೆಗೆ ನಂಬುವಂಥ ಉತ್ತರ ಇವತ್ತಿನವರೆಗೂ ಬಂದಿಲ್ಲ.

ನನ್ನ ಸಿಟ್ಟಿನ ಮೂಲ ಇಲ್ಲಿದೆ. 2020 ಮತ್ತು 2021ರಲ್ಲಿ ಭಾರತದಲ್ಲಿ ಸಹಜಕ್ಕಿಂತ ಸುಮಾರು 47 ಲಕ್ಷ ಜನ ಹೆಚ್ಚಾಗಿ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮೇ ತಿಂಗಳಲ್ಲಿ ಅಂದಾಜು ಹೇಳಿತು. ಸರ್ಕಾರದ ಲೆಕ್ಕ 5 ಲಕ್ಷವನ್ನೂ ಮುಟ್ಟಿರಲಿಲ್ಲ. ನಿಮ್ಮ ಅಂದಾಜಿನ ವಿಧಾನವೇ ಸರಿಯಿಲ್ಲ ಎಂದು ದೆಹಲಿ ರೇಗಿತು. ಸರಿ, ಅಂದಾಜು ಬೇಡ. ಅಂದಾಜಿನ ಹಂಗಿಲ್ಲದ ವಿಧಾನ ನಿಮ್ಮ ಕೈಯಲ್ಲೇ ಇತ್ತಲ್ಲ? ಮನೆಮನೆಗೆ ಹೋಗಿ ಎಣಿಸಿದ್ದರೆ ಯಾವ ಜಿಲ್ಲೆಯಲ್ಲಿ, ಯಾವ ವಯಸ್ಸಿನವರಲ್ಲಿ ಎಷ್ಟು ಜನ ಇರಬೇಕಿತ್ತು, ಎಷ್ಟು ಜನ ಇಲ್ಲ ಎಂಬುದು ಊರೂರಿನ ಪಟ್ಟಿಯಲ್ಲೇ ಕಾಣುತ್ತಿತ್ತು. ಬರ ಕಳೆದು ಮೂರು ವರ್ಷಕ್ಕೆ ಲಿಟ್ಟನ್‌ನ ಸರ್ಕಾರದ ಬೆನ್ನಿಗೆ ಬಂದ ಸರ್ಕಾರ ಎಣಿಸಿತು, ಮೈಸೂರಿನ 8 ಲಕ್ಷ 69 ಸಾವಿರದ ಗುಂಡಿ ಲೋಕಕ್ಕೆ ಕಂಡಿತು. ನಾವೇ ಆರಿಸಿದ ಸರ್ಕಾರ ಎಣಿಸಲಿಲ್ಲ, ಗುಂಡಿ ಎಷ್ಟು ಆಳವೆಂದು ಯಾರಿಗೂ ಕಾಣಲಿಲ್ಲ. 2027ರಲ್ಲಿ ಎಣಿಸುವ ಹೊತ್ತಿಗೆ ಅದರ ಮೇಲೆ ಆರು ವರ್ಷದ ಹುಟ್ಟು, ವಲಸೆ, ಮರೆವು ಎಲ್ಲವೂ ತುಂಬಿರುತ್ತವೆ. ಆಮ್ಲಜನಕ ಸಿಗದೆ ಆಸ್ಪತ್ರೆಯ ಬಾಗಿಲಲ್ಲಿ ಸತ್ತವರಿಗೆ ಈ ದೇಶ ಅಂಕಿಯ ಗೌರವವನ್ನೂ ಕೊಡಲಿಲ್ಲ.

ಸತ್ತವರ ಮಾತು ಬಿಡಿ ಎನ್ನುವವರಿಗೆ ಬದುಕಿರುವವರ ಲೆಕ್ಕ ಹೇಳುತ್ತೇನೆ. ಆಹಾರ ಭದ್ರತಾ ಕಾಯ್ದೆ ದೇಶದ ಮೂರನೆಯ ಎರಡು ಭಾಗ ಜನಕ್ಕೆ ರೇಷನ್ ಕೊಡಬೇಕೆನ್ನುತ್ತದೆ. ಯಾವ ವರ್ಷದ ಜನಸಂಖ್ಯೆಯ ಮೂರನೆಯ ಎರಡು ಭಾಗ? 2011ರದು. ಹಾಗಾಗಿ 81 ಕೋಟಿ ಚಿಲ್ಲರೆಗೆ ಮಿತಿ ನಿಂತುಬಿಟ್ಟಿದೆ. ಜನ ಬೆಳೆದರೂ ಪಡಿತರ ಬೆಳೆಯಲಿಲ್ಲ. ಇದರಿಂದ 10 ಕೋಟಿಗೂ ಹೆಚ್ಚು ಜನ ಪಟ್ಟಿಯ ಹೊರಗೆ ಉಳಿದಿದ್ದಾರೆಂದು ಅರ್ಥಶಾಸ್ತ್ರಜ್ಞರಾದ ಜಾನ್ ದ್ರೇಜ್, ರೀತಿಕಾ ಖೇರಾ 2020ರಲ್ಲೇ ಹೇಳಿದ್ದರು. ಟೆಂಪಲ್ ಕಾಳನ್ನು ತಕ್ಕಡಿಯಲ್ಲಿ ತೂಗಿ ಕಡಿತ ಮಾಡಿದ. ನಮ್ಮವರು ಎಣಿಸದೇ ಕೂತು ಕಡಿತ ಮಾಡಿದರು.

ಬೆಂಗಳೂರನ್ನೇ ನೋಡಿ. ನಗರ ಜಿಲ್ಲೆಯ ಜನ 2001ರಲ್ಲಿ 65 ಲಕ್ಷ, 2011ರಲ್ಲಿ 96 ಲಕ್ಷ. ಆಮೇಲಿನದು ಬರೀ ಊಹೆ. ಈ ಊರನ್ನು ಐದು ಪಾಲಿಕೆಗಳಾಗಿ ಕತ್ತರಿಸಿದಾಗಲೂ ವಾರ್ಡುಗಳನ್ನು ಕೊರೆದದ್ದು 2011ರ ಜನಸಂಖ್ಯೆಯ ಮೇಲೆ. ವೈಟ್‌ಫೀಲ್ಡಿನ ಕಡೆ, ಸರ್ಜಾಪುರದ ಕಡೆ ಆಮೇಲೆ ಎದ್ದುನಿಂತ ಬಡಾವಣೆಗಳ ಲಕ್ಷಾಂತರ ಜನ, ಅಲ್ಲಿ ಗಾರೆ ಹೊತ್ತ ಯಾದಗಿರಿ ರಾಯಚೂರಿನ ಕೂಲಿಗಳು, ಇವರ್ಯಾರೂ ಆ ಲೆಕ್ಕದಲ್ಲಿಲ್ಲ. ನೀರು ಬರಲಿಲ್ಲ, ಶಾಲೆ ಇಲ್ಲ, ಬಸ್ಸಿಲ್ಲ ಎಂದು ಅವರು ಕೂಗಿದರೆ ಕಡತದಲ್ಲಿ ಅವರೇ ಇಲ್ಲ. ಆಧಾರ್ ಇದೆಯಲ್ಲ ಎನ್ನುವವರು ಹೇಳಲಿ: ಒಂದು ಮನೆಗೆ ಎಷ್ಟು ಕೋಣೆ, ಕುಡಿಯುವ ನೀರು ಎಲ್ಲಿಂದ, ಹುಟ್ಟಿದೂರು ಬಿಟ್ಟು ಬಂದದ್ದು ಯಾಕೆ, ಆಧಾರ್ ಕೇಳುತ್ತದೆಯೇ? ಸ್ಯಾಂಪಲ್ ಸಮೀಕ್ಷೆಗಳಿವೆ ಎನ್ನುವವರಿಗೂ ಒಂದು ಮಾತು. ಆ ಸ್ಯಾಂಪಲ್‌ಗಳನ್ನು ಆರಿಸುವುದೂ ಜನಗಣತಿಯ ಪಟ್ಟಿಯಿಂದಲೇ. ಬುಡ ಹಳತಾದರೆ ತುದಿ ಹೊಸದಾಗುವುದಿಲ್ಲ.

ಇನ್ನು ಜಾತಿಯ ಮಾತು. 1881ರ ಗಣತಿಯೇ ಜಾತಿಯನ್ನು ಹುಟ್ಟಿಸಿತು, ಗಣತಿ ಕಮಿಷನರ್ ರಿಸ್ಲೇ 1901ರಲ್ಲಿ ಮೇಲು ಕೀಳಿನ ಪಟ್ಟಿ ಮಾಡಿ ನಮ್ಮನ್ನು ಒಡೆದ ಎಂದು ಕೆಲವರು ಪಾಠ ಒಪ್ಪಿಸುತ್ತಾರೆ. ರಿಸ್ಲೇ ಮಾಡಿದ್ದು ಕೆಟ್ಟ ಕೆಲಸ, ಒಪ್ಪಿದೆ. ಆದರೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಹೊಡೆದಾಡಿದ್ದು ಯಾರ ವಿರುದ್ಧ? ರಿಸ್ಲೇಯ ಮುತ್ತಾತನ ವಿರುದ್ಧವೇ? ಕೆರೆಯಲ್ಲಿ ನೀರು ಮುಟ್ಟಗೊಡದವರು ಜನಗಣತಿಯ ಪುಸ್ತಕ ಓದಿ ಆ ಕೆಲಸ ಕಲಿತರೇ? ಎಣಿಸಿದರೆ ಒಡೆಯುತ್ತದೆ ಎನ್ನುವವರ ನಿಜವಾದ ಭಯ ಬೇರೆ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಸರ್ಕಾರಿ ಹುದ್ದೆಗಳಲ್ಲಿ ಹಿಂದುಳಿದವರ ಪಾಲನ್ನು ನೋಡಲು ಮಿಲ್ಲರ್ ಸಮಿತಿ ನೇಮಿಸಿದಾಗ ಏನು ಬಯಲಾಯಿತೆಂದು ಅವರಿಗೆ ಚೆನ್ನಾಗಿ ಗೊತ್ತು. ಜನರಲ್ಲಿ ನೂರಕ್ಕೆ ನಾಲ್ಕೂ ಇರದ ಒಂದು ಸಮುದಾಯ ದೊಡ್ಡ ಹುದ್ದೆಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಡಿದಿತ್ತು. ಜನಗಣತಿಯ ಅಂಕಿ ಇಲ್ಲದಿದ್ದರೆ ಆ ಅನ್ಯಾಯವನ್ನು ರುಜುವಾತು ಮಾಡುವುದು ಹೇಗಿತ್ತು?

1931ರ ನಂತರ ಎಲ್ಲ ಜಾತಿಗಳ ಪೂರ್ಣ ಲೆಕ್ಕ ಹೊರಬರಲಿಲ್ಲ. 1980ರಲ್ಲಿ ಮಂಡಲ್ ಆಯೋಗ ಅರ್ಧ ಶತಮಾನದ ಹಿಂದಿನ ಆ ಹಳೆಯ ಅಂಕಿಯನ್ನೇ ಹಿಡಿದು ಲೆಕ್ಕ ಹಾಕಬೇಕಾಯಿತು. 2011ರಲ್ಲಿ ಜಾತಿ ಕೇಳಿದರು, ಬರೆದುಕೊಂಡರು, ಬೀರುವಿನಲ್ಲಿಟ್ಟರು. ತಪ್ಪು ಒಂದೇ ಪಕ್ಷದ್ದಲ್ಲ. ನಮ್ಮ ರಾಜ್ಯದಲ್ಲಿ 2015ರಲ್ಲಿ ಕಾಂತರಾಜು ಆಯೋಗ ಮನೆಮನೆ ಸಮೀಕ್ಷೆ ಮಾಡಿತು. ಮೂರು ಪಕ್ಷದ ಮುಖ್ಯಮಂತ್ರಿಗಳು ಬಂದುಹೋದರು, ವರದಿ ಸಂಪುಟದ ಮುಂದೆ ಬಂದದ್ದು 2025ರ ಏಪ್ರಿಲಿನಲ್ಲಿ. ಬಂದದ್ದೇ ತಡ, ಅಂಕಿ ಹಳತಾಯಿತು, ಹೊಸದಾಗಿ ಎಣಿಸೋಣ ಎಂದರು! ಹಳತು ಮಾಡಿದವರು ಯಾರು?

ಹೊಸ ಸಮೀಕ್ಷೆಗೆ ದಸರಾ ರಜೆಯಲ್ಲಿ ಮೇಷ್ಟರನ್ನು ಅಟ್ಟಿದರು. ಆ್ಯಪ್ ತೆರೆಯಲಿಲ್ಲ, ಒಟಿಪಿ ಬರಲಿಲ್ಲ, ನೆಟ್‌ವರ್ಕ್ ಸಿಗಲಿಲ್ಲ. ಬೈಗುಳ ತಿಂದದ್ದು ಬಾಗಿಲಲ್ಲಿ ನಿಂತ ಟೀಚರಮ್ಮ. ಈ ದೇಶದಲ್ಲಿ ಮತದಾರರ ಪಟ್ಟಿ, ಚುನಾವಣೆ, ಸಮೀಕ್ಷೆ, ಬಿಸಿಯೂಟದ ಲೆಕ್ಕ ಎಲ್ಲವೂ ಸರ್ಕಾರಿ ಶಾಲೆಯ ಶಿಕ್ಷಕರ ತಲೆಗೆ. ಬಡವರ ಮಕ್ಕಳ ಪಾಠ ಮಾತ್ರ ಯಾರ ತಲೆಗೂ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ಅವರನ್ನು ತಡೆದು ನಿಲ್ಲಿಸಿದವರು, ನಾವು ಹಿಂದುಳಿದವರಲ್ಲ, ನಮ್ಮನ್ನು ಎಣಿಸಬೇಡಿ ಎಂದವರು, ಇವರೆಲ್ಲ ಓದಿದವರು. ಎಣಿಕೆ ಬಡವರಿಗೆ ಮಾತ್ರ ಎಂದುಕೊಂಡ ಓದು ಎಂಥ ಓದು? ಮುಂದುವರಿದವರು ಎಷ್ಟು, ಎಲ್ಲಿ, ಹೇಗೆ ಎಂದು ತಿಳಿಯದೆ ಹಿಂದುಳಿದವರು ಯಾರಿಗಿಂತ ಹಿಂದೆ ಎಂದು ಹೇಳುವುದು ಹೇಗೆ?

2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಗೊತ್ತುಪಡಿಸಿದ್ದಾರೆ, ಜಾತಿಯನ್ನೂ ಕೇಳುತ್ತಾರಂತೆ. ಇಷ್ಟಕ್ಕೆ ಚಪ್ಪಾಳೆ ತಟ್ಟಲು ನಾನು ಸಿದ್ಧನಿಲ್ಲ. 1948ರ ಜನಗಣತಿ ಕಾಯ್ದೆಯಲ್ಲಿ ಹತ್ತು ವರ್ಷಕ್ಕೊಮ್ಮೆ ಎಣಿಸಲೇಬೇಕು ಎಂಬ ಕಟ್ಟಳೆಯೇ ಇಲ್ಲ. ಸರ್ಕಾರಕ್ಕೆ ಬೇಕೆನಿಸಿದರೆ ನಡೆಸಬಹುದು, ಅಷ್ಟೇ. ಎಪ್ಪತ್ತು ವರ್ಷ ಈ ತೂತು ಕಾಣಲಿಲ್ಲ, ಯಾಕೆಂದರೆ ತಪ್ಪಿಸಬಹುದೆಂದು ಯಾವ ಸರ್ಕಾರಕ್ಕೂ ಹೊಳೆದಿರಲಿಲ್ಲ. ಈಗ ಒಂದು ಸರ್ಕಾರ ತಪ್ಪಿಸಿ ತೋರಿಸಿದೆ, ಯಾರೂ ಅದನ್ನು ಕೇಳಲಿಲ್ಲ. ಮುಂದಿನ ಮಹಾಮಾರಿಗೂ, ಮುಂದಿನ ಬರಕ್ಕೂ ಇದೇ ದಾರಿ ಹಿಡಿದರೆ ತಡೆಯುವವರು ಯಾರು? ಕಾಯ್ದೆ ತಿದ್ದಿ. ಹತ್ತು ವರ್ಷಕ್ಕೊಮ್ಮೆ ಗಣತಿ ಕಡ್ಡಾಯ ಎಂದು ಬರೆಯಿರಿ. ಎಣಿಸಿದ ಅಂಕಿಯನ್ನು, ಜಾತಿಯದನ್ನೂ ಸೇರಿಸಿ, ಇಂಥ ದಿನದೊಳಗೆ ಹೊರಹಾಕಬೇಕೆಂದು ಬರೆಯಿರಿ. ನಮ್ಮ ಸಂಸದರು 28 ಜನ ಇದ್ದಾರೆ. ಕ್ಷೇತ್ರ ಮರುವಿಂಗಡಣೆಯಲ್ಲಿ ಸೀಟು ಹೋಗುತ್ತದೆಂದು ಕೂಗುವ ಬಾಯಿಗೆ ಈ ತಿದ್ದುಪಡಿಯನ್ನು ಕೇಳುವ ಶಕ್ತಿಯೂ ಇರಬೇಕು. ಪರದೇಶದ ಆಳರಸರು ತಮ್ಮ ಕಾಲದ ಸಾವಿಗೆ ಸಾಕ್ಷಿಯಾಗಿ ಉಳಿದವರ ಲೆಕ್ಕವನ್ನು 41 ಲಕ್ಷ 86 ಸಾವಿರ ಎಂಬ ಅಂಕಿಯಲ್ಲಿ ಬರೆದಿಟ್ಟು ಹೋದರು. ನಮ್ಮ ವೋಟಿನಿಂದ ಗೆದ್ದವರು ಅಷ್ಟನ್ನೂ ಮಾಡದಿದ್ದರೆ ಅವರಿಗೆ ನಮ್ಮನ್ನು ಆಳುವ ಹಕ್ಕು ಎಲ್ಲಿಂದ ಬಂತು?