ಎಲ್ಲಿಯ ಹಾವು, ಎಲ್ಲಿಯ ಮದ್ದು

ಮಳೆಗಾಲ ಹಿಡಿಯಿತೆಂದರೆ ಜೆ.ಪಿ. ನಗರದ ಕೊನೆಯ ಹಂತಗಳಲ್ಲಿ, ಬನಶಂಕರಿ ಆರನೇ ಹಂತದಲ್ಲಿ, ತುರಹಳ್ಳಿ ಕಾಡಿನ ಮಗ್ಗುಲಿನ ಬಡಾವಣೆಗಳಲ್ಲಿ ಹಾವು ಹಿಡಿಯುವವರಿಗೆ ಕೈತುಂಬ ಕೆಲಸ. ಖಾಲಿ ಸೈಟಿನ ಗಿಡಗಂಟಿ, ಯಾರೋ ಸುರಿದು ಹೋದ ಕಟ್ಟಡದ ಮಣ್ಣುಕಲ್ಲು, ಕಸಕ್ಕೆ ಬರುವ ಹೆಗ್ಗಣ; ಹೆಗ್ಗಣದ ಜಾಡು ಹಿಡಿದು ನಾಗರಹಾವು, ಕೊಳಕುಮಂಡಲ. ಹಾವು ಕಚ್ಚಿದವರು ಸಾಯುವುದೇಕೆ ಎಂದು ಕೇಳಿದರೆ ನಾವು ಕೊಡುವ ಉತ್ತರ ಸಾಮಾನ್ಯವಾಗಿ ಒಂದೇ: ಆಸ್ಪತ್ರೆಗೆ ತಡವಾಗಿ ಬರುತ್ತಾರೆ, ನಾಟಿ ಮದ್ದೆಂದು ಹೊತ್ತು ಕಳೆಯುತ್ತಾರೆ. ದೇಶದ ಲೆಕ್ಕದಲ್ಲಿ ಅದು ಸುಳ್ಳಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಸುಮಾರು 12 ಲಕ್ಷ ಜನ, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಹಾವು ಕಡಿತಕ್ಕೆ ಬಲಿಯಾದರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಅವರಲ್ಲಿ ಹೆಚ್ಚಿನವರು ಹಳ್ಳಿಯವರು, ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದವರು. ಆದರೆ ಜಯನಗರದಲ್ಲೋ ಬಿ.ಟಿ.ಎಂ. ಬಡಾವಣೆಯಲ್ಲೋ ಈ ಉತ್ತರ ಸಾಲದು. ಇಲ್ಲಿ ಆಸ್ಪತ್ರೆ ಹತ್ತಿರದಲ್ಲಿದೆ, ಆಟೊ ಸಿಗುತ್ತದೆ, ಕಚ್ಚಿದ ಹಾವಿನ ಫೋಟೊ ಕೂಡ ಮೊಬೈಲಿನಲ್ಲಿರುತ್ತದೆ. ದೂರ ಎಂಬ ನೆಪ ಕಳಚಿಬಿದ್ದ ಜಾಗದಲ್ಲಿ ಉಳಿಯುವ ಪ್ರಶ್ನೆ, ವೈದ್ಯರು ಏರಿಸುವ ಸೀಸೆಯಲ್ಲಿ ಏನಿದೆ ಎನ್ನುವುದು.

ಅದರಲ್ಲಿರುವುದು ಕುದುರೆಯ ರಕ್ತದ ಸಾರ. ಫ್ರಾನ್ಸಿನ ಆಲ್ಬೆರ್ ಕಾಲ್ಮೆಟ್ 1890ರ ದಶಕದಲ್ಲಿ ರೂಪಿಸಿದ ವಿಧಾನದ ತಿರುಳು ಇಂದಿಗೂ ಬದಲಾಗಿಲ್ಲ. ಕುದುರೆಯ ಚರ್ಮದಡಿಗೆ ಮೊದಲು ಅತ್ಯಲ್ಪ ವಿಷ, ವಾರಗಳು ಕಳೆದಂತೆ ಸ್ವಲ್ಪಸ್ವಲ್ಪವೇ ಹೆಚ್ಚು. ಆ ದೊಡ್ಡ ದೇಹ ವಿಷದ ಎದುರು ಪ್ರತಿಕಾಯಗಳನ್ನು ಕಟ್ಟಿಕೊಳ್ಳುತ್ತದೆ. ಅವು ಸಾಕಷ್ಟು ಬೆಳೆದ ಮೇಲೆ ಕತ್ತಿನ ರಕ್ತನಾಳದಿಂದ ರಕ್ತ ತೆಗೆದು, ಪ್ಲಾಸ್ಮಾ ಬೇರ್ಪಡಿಸಿ, ಪೆಪ್ಸಿನ್ ಎಂಬ ಕಿಣ್ವದಿಂದ ಪ್ರತಿಕಾಯದ ಬೇಡದ ತುಂಡನ್ನು ಕತ್ತರಿಸಿ, ಉಳಿದದ್ದನ್ನು ಶುದ್ಧಮಾಡಿ ಪುಡಿಯಾಗಿಸಿ ಸೀಸೆಗೆ ತುಂಬುತ್ತಾರೆ. ಭಾರತದ ಸೀಸೆ ನಾಲ್ಕು ಹಾವುಗಳಿಗಾಗಿ ತಯಾರಾದದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ನಿಗದಿಯಾದ ಮಟ್ಟದ ಪ್ರಕಾರ ಒಂದು ಮಿಲಿಲೀಟರ್ ಔಷಧ ಕೊಳಕುಮಂಡಲದ 0.6 ಮಿಲಿಗ್ರಾಂ ವಿಷವನ್ನು ತಟಸ್ಥಗೊಳಿಸಬೇಕು. 10 ಮಿಲಿಲೀಟರಿನ ಒಂದು ಸೀಸೆಗೆ 6 ಮಿಲಿಗ್ರಾಂ. ಕೊಳಕುಮಂಡಲ ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷ ಬಿಡುತ್ತದೆಂದು ಚಿಕಿತ್ಸಾ ಮಾರ್ಗಸೂಚಿಗಳು ಲೆಕ್ಕ ಹಾಕಿವೆ. ಮೊದಲ ಸುತ್ತಿಗೇ ಎಂಟರಿಂದ ಹತ್ತು ಸೀಸೆ ಏಕೆ ಬೇಕೆಂಬುದು ಈ ಗುಣಾಕಾರದಲ್ಲೇ ಇದೆ.

ಈ ಲೆಕ್ಕ ಸರಿಹೋಗಬೇಕಾದರೆ ಕುದುರೆಗೆ ಚುಚ್ಚಿದ ವಿಷವೂ ರೋಗಿಗೆ ಕಚ್ಚಿದ ಹಾವಿನ ವಿಷವೂ ಒಂದನ್ನೊಂದು ಹೋಲಬೇಕು. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ದೇಶದ ತಯಾರಕರು ಬಳಸುವ ವಿಷದ ಬಹುಪಾಲು ಬರುವುದು ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿರುವ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಉರಗತಜ್ಞ ರಾಮುಲಸ್ ವಿಟೇಕರ್ ನೆರವಿನಿಂದ ಹುಟ್ಟಿದ ಈ ಸಂಘದಲ್ಲಿ ಇರುಳರು ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ, ಮಣ್ಣಿನ ಮಡಕೆಯಲ್ಲಿ ಕೆಲವು ವಾರ ಇಟ್ಟು ವಿಷ ತೆಗೆದು ಮತ್ತೆ ಕಾಡಿಗೆ ಬಿಡುತ್ತಾರೆ. ಅವರ ಕೌಶಲಕ್ಕೆ ದೇಶವೇ ಋಣಿ, ದೋಷ ಅವರದಲ್ಲ. ಒಂದು ಸೀಮೆಯ ವಿಷವನ್ನು ಇಡೀ ದೇಶದ ಅಳತೆಗೋಲು ಮಾಡಿಕೊಂಡದ್ದು ನಮ್ಮ ದೋಷ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾರ್ತಿಕ್ ಸುನಗಾರ್ ಅವರ ತಂಡ 2019ರಿಂದೀಚೆಗೆ ಪ್ರಕಟಿಸಿದ ಸಂಶೋಧನೆಗಳು ಒಂದೇ ಜಾತಿಯ ನಾಗರಹಾವು, ಒಂದೇ ಜಾತಿಯ ಕೊಳಕುಮಂಡಲ ಪ್ರದೇಶದಿಂದ ಪ್ರದೇಶಕ್ಕೆ ಬೇರೆಬೇರೆ ವಿಷ ಹೊತ್ತಿರುವುದನ್ನೂ ಮಾರುಕಟ್ಟೆಯ ಔಷಧ ಹಲವು ಕಡೆ ಅದರೆದುರು ಸೋಲುವುದನ್ನೂ ತೋರಿಸಿವೆ. ಮಲೆನಾಡಿನ ಪುಟ್ಟ ಗುಳಿಮಂಡಲಕ್ಕೂ, ಆಗುಂಬೆಯ ಕಾಳಿಂಗಕ್ಕೂ ಈ ಸೀಸೆಯಲ್ಲಿ ಪಾಲೇ ಇಲ್ಲ.

ಸೀಸೆಯ ಪ್ರತಿಕಾಯಗಳಲ್ಲಿ ಹಾವಿನ ವಿಷವನ್ನು ಗುರುತಿಸುವಂಥವು ಸಣ್ಣ ಪಾಲು ಮಾತ್ರ. ಮಿಕ್ಕವು ಕುದುರೆ ತನ್ನ ಬದುಕಿನಲ್ಲಿ ಕಂಡ ಬೇರೆ ಸೋಂಕುಗಳಿಗೆ ಕಟ್ಟಿಕೊಂಡವು. ಹೊಂದದ ವಿಷದಿಂದ ತಯಾರಾದರೆ ಆ ಸಣ್ಣ ಪಾಲೂ ಕರಗುತ್ತದೆ. ಆಗ ವೈದ್ಯರು ಮತ್ತಷ್ಟು ಸೀಸೆ ಏರಿಸುತ್ತಾರೆ. ರೋಗಿಯ ಮೈಗೆ ಕುದುರೆಯ ಪ್ರೋಟೀನು ಹೆಚ್ಚು ಸೇರಿದಷ್ಟೂ ತುರಿಕೆ, ನಡುಕ, ರಕ್ತದೊತ್ತಡ ಕುಸಿಯುವ ಅಪಾಯ ಹೆಚ್ಚು. ಇತ್ತ ಲಾಯದಲ್ಲಿ ಇನ್ನೊಂದು ಕುದುರೆ ಕತ್ತೊಡ್ಡಬೇಕು. ಸುಮಾರು ಹತ್ತು ವರ್ಷಗಳ ಹಿಂದೆ ಇಂಥ ಕೇಂದ್ರಗಳ ತಪಾಸಣೆ ನಡೆದಾಗ ರಕ್ತಹೀನತೆ, ಗೊರಸಿನ ರೋಗ, ಮಾಯದ ಗಾಯಗಳಿಂದ ನರಳುವ ಕುದುರೆಗಳು ಕಂಡುಬಂದಿದ್ದವು. ಬೆಂಗಳೂರಿನ ರೋಗಿಯ ಸಂಕಟವನ್ನೂ ಆ ಕುದುರೆಯ ಸಂಕಟವನ್ನೂ ನಾವು ಎರಡು ಬೇರೆ ಪಂಗಡಗಳ ಕಾಳಜಿಯೆಂದು ಹಂಚಿಕೊಂಡಿದ್ದೇವೆ, ಒಂದು ವೈದ್ಯರದು, ಇನ್ನೊಂದು ಪ್ರಾಣಿಪ್ರಿಯರದು. ನನ್ನ ಮಟ್ಟಿಗೆ ಎರಡಕ್ಕೂ ಬೇರು ಒಂದೇ, ಸೀಸೆಯ ದೌರ್ಬಲ್ಯ. ಒಂದು ಜೀವ ಉಳಿಸಲು ಇಪ್ಪತ್ತರ ಬದಲು ಹತ್ತು ಸೀಸೆ ಸಾಕಾದರೆ ಅಷ್ಟು ಕುದುರೆ ರಕ್ತ ಉಳಿಯಿತು. ತೆಗೆದ ರಕ್ತದ ಕೆಂಪುಕಣಗಳನ್ನು ಕುದುರೆಗೇ ಮರಳಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ ಹೇಳುತ್ತದೆ. ಅದನ್ನು ಪಾಲಿಸುವ ಖರ್ಚು ಔಷಧದ ಬೆಲೆ ಏರಿಸುತ್ತದೆ ಎಂಬ ವಾದ ಅರ್ಧ ಲೆಕ್ಕ. ಬಳಲಿದ ಕುದುರೆ ಒಳ್ಳೆಯ ಪ್ರತಿಕಾಯ ಕೊಡುವುದಿಲ್ಲ.

ಹಾಗಾದರೆ ಕುದುರೆಯನ್ನೇ ಬಿಟ್ಟುಬಿಡೋಣ ಎನ್ನುವವರಿದ್ದಾರೆ. ಅವರ ಆಸೆ ನನ್ನದೂ ಹೌದು. 2024ರಲ್ಲಿ ಇದೇ ವಿಜ್ಞಾನ ಸಂಸ್ಥೆ ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯೊಡನೆ ಸೇರಿ ಪ್ರಯೋಗಾಲಯದಲ್ಲಿ ರೂಪಿಸಿದ ಪ್ರತಿಕಾಯವೊಂದು ನಾಗರ, ಕಟ್ಟುಹಾವುಗಳ ಗುಂಪಿನ ಒಂದು ಮುಖ್ಯ ನರವಿಷವನ್ನು ಇಲಿಗಳಲ್ಲಿ ತಡೆಯಿತು. ಆದರೆ ರಕ್ತದ ಹೆಪ್ಪುಗಟ್ಟುವಿಕೆಯನ್ನೇ ಕೆಡಿಸುವ ಕೊಳಕುಮಂಡಲದ ವಿಷ ಹತ್ತಾರು ಘಟಕಗಳ ಮಿಶ್ರಣ. ಒಂದು ಪ್ರತಿಕಾಯಕ್ಕೆ ಮಣಿಯುವಂಥದ್ದಲ್ಲ. ಇಲಿಯಿಂದ ಆಸ್ಪತ್ರೆಗೆ ಬರುವ ದಾರಿ ಉದ್ದ, ಅಲ್ಲಿಯವರೆಗೆ ಕಚ್ಚಿಸಿಕೊಂಡವರಿಗೆ ಕುದುರೆಯೇ ಗತಿ. ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಸೀಮೆಗೊಂದು ಔಷಧವೆಂದರೆ ದಾಸ್ತಾನು ಒಡೆಯುತ್ತದೆ, ತಯಾರಕರಿಗೆ ಗಿಟ್ಟುವುದಿಲ್ಲ, ಎಲ್ಲ ಸೀಮೆಯ ವಿಷ ಬೆರೆಸಿದರೆ ಒಂದೊಂದರ ಬಲವೂ ಇಳಿಯುತ್ತದೆ. ಒಪ್ಪುತ್ತೇನೆ. ಆದರೆ ತಾಲ್ಲೂಕಿಗೊಂದು ಸೀಸೆ ಬೇಡ. ರಾಜ್ಯಕ್ಕೆ ಹೊಂದುವ ಮಿಶ್ರಣ ಯಾವುದೆಂದು ಪರೀಕ್ಷೆಯಿಂದ ತಿಳಿದುಕೊಂಡರೆ ಸಾಕು. ಸರ್ಕಾರವೇ ದೊಡ್ಡ ಗಿರಾಕಿಯಾದಾಗ ಷರತ್ತು ಹಾಕುವ ಬಲವೂ ಅದರದೇ.

2024ರ ಫೆಬ್ರುವರಿಯಲ್ಲಿ ಕರ್ನಾಟಕ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಯೆಂದು ಘೋಷಿಸಿತು. ಅದು ದಿಟ್ಟ ಹೆಜ್ಜೆ. ಆ ವರದಿಯಲ್ಲಿ ಎಷ್ಟು ಸೀಸೆ ಏರಿಸಿದರು, ಯಾವ ತಯಾರಿಕೆಯದು, ಯಾವ ಬ್ಯಾಚು, ಅಲರ್ಜಿ ಆಯಿತೇ ಎಂಬ ಸಾಲುಗಳೂ ಇರಲಿ. ರಾಜ್ಯದ ವೈದ್ಯಕೀಯ ಸರಬರಾಜು ನಿಗಮದ ಟೆಂಡರಿನಲ್ಲಿ ಕಡಿಮೆ ಬೆಲೆಯ ಜತೆಗೆ ಕರ್ನಾಟಕದ ಹಾವುಗಳ ವಿಷದ ಮೇಲೆ ಪರೀಕ್ಷಿಸಿದ ಫಲಿತಾಂಶವನ್ನೂ ಕೇಳಲಿ. ಆ ವಿಷ ಎಲ್ಲಿಂದ ಬರಬೇಕು ಎನ್ನುವವರು ಬನಶಂಕರಿಗೆ ಬಂದು ನೋಡಬಹುದು. ಅರಣ್ಯ ಇಲಾಖೆಯ ಅನುಮತಿಯಿರುವ, ತರಬೇತಿ ಪಡೆದವರು ನಡೆಸುವ ಒಂದು ಕೇಂದ್ರವಿದ್ದರೆ ಇಲ್ಲಿ ಹಿಡಿದ ಕೊಳಕುಮಂಡಲದಿಂದ ವಿಷದ ಮಾದರಿ ತೆಗೆದು, ಅದು ಸಿಕ್ಕ ಜಾಗ ಬರೆದಿಟ್ಟು, ಆಮೇಲೆ ಕಾಡಿಗೆ ಬಿಡಬಹುದಿತ್ತು. ಈಗ ಆ ಹಾವು ಚೀಲದಲ್ಲಿ ಹೋಗುತ್ತದೆ, ಮರದ ಬುಡದಲ್ಲಿ ಬಿಡುಗಡೆಯಾಗುತ್ತದೆ, ಅದರ ವಿಷ ಹೇಗಿತ್ತೆಂದು ಯಾವ ದಾಖಲೆಗೂ ಸೇರುವುದಿಲ್ಲ.